ಒಂದೇ ದ್ವೀಪ ಸಾಕು ಮಾರಾಯ್ರೇ

ಲಕ್ಷದ್ವೀಪಕ್ಕಾ? ಬಹಳ ಒಳ್ಳೆಯ ಸುದ್ದಿ ಮಾರಾಯ್ರೇ! ಸ್ವಲ್ಪ ನಿಲ್ಲಿ, ಈ ನಾಲ್ಕು ಬಟ್ಟೆ ತಂತಿಗೆ ಹಾಕಿ ಬಂದೆ. ಗೋಡೆಯ ಆಚೆಯಿಂದ ನೀವು ಹೇಳಿದ್ದು ಅರ್ಧ ಕೇಳಿತು, ಅರ್ಧ ಕೇಳಲಿಲ್ಲ. ಐದು ದಿನ ಅಂದಿರಾ? ಅಗತ್ತಿ, ಬಂಗಾರಂ, ಕವರತ್ತಿ, ಕಡಮತ್, ಕೊನೆಗೆ ಮಿನಿಕಾಯ್ ಕೂಡ? ಆ ಪಟ್ಟಿಯನ್ನು ಇವತ್ತೇ ಹರಿದು ಹಾಕಿ. ನನ್ನ ಮಾತು ಕೇಳುವುದಾದರೆ ಒಂದು ದ್ವೀಪ ಆರಿಸಿಕೊಳ್ಳಿ, ಐದೂ ರಾತ್ರಿ ಅಲ್ಲೇ ಮಲಗಿ. ಯಾಕೆ ಅಂತ ಹೇಳುತ್ತೇನೆ. ಒಲೆಯ ಮೇಲೆ ಏನೂ ಇಟ್ಟು ಬಂದಿಲ್ಲ ತಾನೇ?

ಮೊದಲು ಭೂಪಟದ ವಿಷಯ. ಅಲ್ಲಿರುವುದು 36 ದ್ವೀಪ, ಜನ ವಾಸ ಮಾಡುವುದು 10ರಲ್ಲಿ. ಎಲ್ಲವನ್ನೂ ಸೇರಿಸಿ ಅಳೆದರೂ ನೆಲ ಬರೀ 32 ಚದರ ಕಿಲೋಮೀಟರ್. ಅಷ್ಟು ಚೂರು ನೆಲ ಎಷ್ಟು ದೊಡ್ಡ ಕಡಲಿನಲ್ಲಿ ಚೆಲ್ಲಿಕೊಂಡಿದೆ ನೋಡಿ: ಕೊಚ್ಚಿಯಿಂದ ಹತ್ತಿರದ್ದು ಸುಮಾರು 220 ಕಿಲೋಮೀಟರ್, ದೂರದ್ದು 440. ಮಿನಿಕಾಯ್ ಅಂತೂ ತನ್ನ ಪಾಡಿಗೆ ದಕ್ಷಿಣದಲ್ಲಿ ಒಂಟಿಯಾಗಿ ಕೂತಿದೆ. ಉಳಿದ ದ್ವೀಪಗಳಿಗೂ ಅದಕ್ಕೂ ನಡುವೆ ನೈನ್ ಡಿಗ್ರಿ ಚಾನೆಲ್ ಎಂಬ ಸುಮಾರು 200 ಕಿಲೋಮೀಟರ್ ಅಗಲದ ಕಡಲು. ಮೊಬೈಲಿನ ನಕ್ಷೆಯಲ್ಲಿ ಎರಡು ಬೆರಳಿನ ನಡುವೆ ಕಾಣುವ ಜಾಗ ಒಂದು ರಾತ್ರಿಯ ಹಡಗು ಪಯಣ ಆಗಿಬಿಡುತ್ತದೆ. ಐದು ದಿನದಲ್ಲಿ ಐದು ದ್ವೀಪ ಅಂತ ಹೊರಟರೆ ನಿಮಗೆ ನೆನಪಿನಲ್ಲಿ ಉಳಿಯುವುದು ಜೆಟ್ಟಿಗಳು, ಬ್ಯಾಗುಗಳು ಮತ್ತು ಕಾಯುವ ಕೋಣೆಗಳು.

ಇನ್ನು ಆ ಊರು ನಮಗೆ ತೀರಾ ಪರಕೀಯ ಅಂತ ತಿಳಿಯಬೇಡಿ. ನಮ್ಮ ಮಂಗಳೂರಿನ ಹಳೆ ಬಂದರಿಗೆ ಹೋಗಿ ನಿಂತರೆ ಗೊತ್ತಾಗುತ್ತದೆ. ಸರಕು ಸಾಗಿಸುವ ಮಂಜಿಗಳು ಸಾಲಾಗಿ ಕಟ್ಟಿಕೊಂಡಿರುತ್ತವೆ, ತಲೆಹೊರೆಯವರು ಸಿಮೆಂಟು, ಜಲ್ಲಿ, ಅಕ್ಕಿ, ಈರುಳ್ಳಿ, ತರಕಾರಿ ತುಂಬುತ್ತಿರುತ್ತಾರೆ. ಅವೆಲ್ಲ ಹೋಗುವುದು ಆ ದ್ವೀಪಗಳಿಗೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ, ಈ ಐದೂ ದ್ವೀಪಗಳು ಹದಿನೆಂಟನೆಯ ಶತಮಾನದ ಕೊನೆಗೆ ಟಿಪ್ಪು ಸುಲ್ತಾನನ ಕೈಗೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿ ಸರಕಾರಕ್ಕೆ ಹೋದವು, ಆಮೇಲೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿಯವರು ತೆಂಗಿನ ನಾರಿನ ಹುರಿ ತಂದು ಇಲ್ಲಿ ಕೊಟ್ಟು ಅಕ್ಕಿ ಕೊಂಡೊಯ್ಯುತ್ತಿದ್ದರು. 1956ರ ನವೆಂಬರ್ 1ರಂದು ಅವು ಕೇಂದ್ರಾಡಳಿತ ಪ್ರದೇಶಕ್ಕೆ ಹೋದವು, ನಾವು ಮೈಸೂರು ರಾಜ್ಯಕ್ಕೆ ಬಂದೆವು. ಇನ್ನೊಂದು ಸಂಗತಿ ಕೇಳಿ, ನನಗೆ ಬಹಳ ಪ್ರೀತಿಯದು. ನಮ್ಮ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದದ್ದು 1973ರ ನವೆಂಬರ್ 1ರಂದು, ಅಲ್ಲವಾ? ಲಕ್ಷದ್ವೀಪಕ್ಕೆ ಲಕ್ಷದ್ವೀಪ ಅಂತ ಹೆಸರು ಬಂದದ್ದೂ ಅದೇ ದಿನ. ನಾವು ರಾಜ್ಯೋತ್ಸವದ ಬಾವುಟ ಏರಿಸುವಾಗ ಅವರದ್ದೂ ಒಂದು ಹುಟ್ಟುಹಬ್ಬ ಆಗುತ್ತಿರುತ್ತದೆ.

ಸರಿ, ಹೊರಡುವ ವಿಷಯಕ್ಕೆ ಬರುವ. ಟಿಕೆಟ್‌ಗೂ ಮುಂಚೆ ಪರ್ಮಿಟ್. ನಮ್ಮದೇ ದೇಶವಾದರೂ ಹೊರಗಿನವರು ಅನುಮತಿ ಇಲ್ಲದೆ ಅಲ್ಲಿ ಕಾಲಿಡುವ ಹಾಗಿಲ್ಲ. 1967ರ ನಿಯಮ ಅದು. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೇಳುತ್ತಾರೆ, ಅದಕ್ಕೆ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಬೇಕು. ಗುರುತಿನ ಚೀಟಿ, ಫೋಟೊ, ಎಲ್ಲಿ ತಂಗುತ್ತೀರಿ ಅನ್ನುವ ವಿವರ, ಇಷ್ಟೂ ಬೇಕು. ಕೆಲವರು ಇದನ್ನು ಕಿರಿಕಿರಿ ಅನ್ನುತ್ತಾರೆ. ನನಗೆ ಅದು ನ್ಯಾಯ ಅನಿಸುತ್ತದೆ. 2011ರ ಜನಗಣತಿಯಲ್ಲೇ ಅಲ್ಲಿ 64 ಸಾವಿರ ಜನ ಇದ್ದರು, ಅದೂ ಆ 32 ಚದರ ಕಿಲೋಮೀಟರಿನೊಳಗೆ. ಬಂದವರನ್ನು ಎಣಿಸಿ ಒಳಗೆ ಬಿಡುವುದು ಅಷ್ಟು ಸಣ್ಣ ಮನೆಯವರ ಹಕ್ಕು. ಹಾಗಾಗಿ ಒಂದೂವರೆ ಎರಡು ತಿಂಗಳು ಮೊದಲೇ ಕಾಗದಪತ್ರ ಶುರು ಮಾಡಿ. ಸರಕಾರದ್ದೇ ಪ್ರವಾಸ ಸಂಸ್ಥೆ ಒಂದುಂಟು, ಸ್ಪೋರ್ಟ್ಸ್ ಅಂತ, 1982ರಿಂದ ನಡೆಯುತ್ತಿದೆ. ಅವರ ಪ್ಯಾಕೇಜಿನಲ್ಲಿ ಹೋದರೆ ಪರ್ಮಿಟ್ಟಿನ ಓಡಾಟ ಕಮ್ಮಿ.

ಯಾವಾಗ ಹೋಗುವುದು? ಮಳೆಗಾಲದ ಮಾತೇ ಬೇಡ. ಮೇ ಮಧ್ಯದಿಂದ ಸೆಪ್ಟೆಂಬರಿನವರೆಗೆ ಆ ಕಡಲು ಯಾರ ಮಾತೂ ಕೇಳುವುದಿಲ್ಲ, ನಮ್ಮ ಮಂಜಿಗಳೂ ಬಂದರಿನಲ್ಲೇ ಮಲಗಿರುತ್ತವೆ. ಅಕ್ಟೋಬರಿನಿಂದ ಮೇ ಮೊದಲ ವಾರದವರೆಗೆ ಹೋಗಬಹುದು. ಆದರೂ ನವೆಂಬರ್ ಕೊನೆ, ಡಿಸೆಂಬರ್ ಮೊದಲ ವಾರ ನಾನಾದರೆ ಬಿಡುತ್ತೇನೆ. 2017ರ ಓಖಿ ಚಂಡಮಾರುತ ಡಿಸೆಂಬರ್ ಆರಂಭದಲ್ಲೇ ಆ ದ್ವೀಪಗಳ ಮೇಲೆ ಹಾದುಹೋದದ್ದು. ನಿಮ್ಮ ಮಗಳ ಶಾಲೆಯನ್ನೂ ನೋಡಬೇಕಲ್ಲ, ಕ್ರಿಸ್‌ಮಸ್ ರಜೆ ಇಲ್ಲವೇ ಪರೀಕ್ಷೆ ಮುಗಿದ ಕೂಡಲೇ ಏಪ್ರಿಲ್ ಮೊದಲ ಪಕ್ಷ ಚೆನ್ನ. ರಂಜಾನ್ ತಿಂಗಳು ಯಾವಾಗ ಅಂತಲೂ ಒಮ್ಮೆ ನೋಡಿಕೊಳ್ಳಿ. ಊರಿಗೆ ಊರೇ ಉಪವಾಸ ಇರುವಾಗ ಹಗಲು ನಾವು ಊಟ ಕೇಳುತ್ತಾ ತಿರುಗುವುದು ಚಂದವಲ್ಲ.

ಇನ್ನು ಪಂಚಾಂಗ. ನಗಬೇಡಿ, ಈ ಪ್ರಯಾಣಕ್ಕೆ ಪಂಚಾಂಗಕ್ಕಿಂತ ಒಳ್ಳೆಯ ಕೈಪಿಡಿ ಇಲ್ಲ. ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ಇಳಿತ ಎರಡೂ ಜೋರು. ಇಳಿತದ ಹೊತ್ತಿಗೆ ಹವಳದ ದಿಬ್ಬದ ತಲೆ ನೀರಿನಿಂದ ಮೇಲೆ ಬರುತ್ತದೆ. ಊರಿನ ಹೆಂಗಸರು, ಮಕ್ಕಳು, ಮುದುಕರು ಕಬ್ಬಿಣದ ಸರಳು ಹಿಡಿದು ಅಷ್ಟಪದಿ ಹುಡುಕಲು ಇಳಿಯುತ್ತಾರೆ. ಅಮಾವಾಸ್ಯೆಯಲ್ಲಿ ಪ್ರಯಾಣ ಬೇಡ ಅಂತ ನಿಮ್ಮ ಅಮ್ಮ ಹೇಳಿದರೆ ಎರಡು ದಿನ ಮುಂಚೆ ಹೋಗಿ ಸೇರಿ, ಅಮಾವಾಸ್ಯೆಗೆ ಅಲ್ಲೇ ಇದ್ದುಬಿಡಿ. ರಾತ್ರಿ ನಕ್ಷತ್ರ ನೋಡಲಿಕ್ಕೂ ಕತ್ತಲೆ ಸಿಕ್ಕಿತು.

ಹೋಗುವ ದಾರಿ ಎರಡು. ರಾತ್ರಿ ರೈಲಿನಲ್ಲಿ ಎರ್ನಾಕುಲಂ, ಅಲ್ಲಿಂದ ಹಡಗು. ದ್ವೀಪ ಯಾವುದು ಅನ್ನುವುದರ ಮೇಲೆ 14ರಿಂದ 20 ತಾಸು ಹಿಡಿಯುತ್ತದೆ. ಇಲ್ಲ, ಅಗತ್ತಿಗೆ ವಿಮಾನ. ಲಕ್ಷದ್ವೀಪಕ್ಕೆಲ್ಲ ಅದೊಂದೇ ವಿಮಾನ ನಿಲ್ದಾಣ. ಓಡುಹಾದಿ ಗಿಡ್ಡ, ಅದಕ್ಕೇ ರೆಕ್ಕೆಯಲ್ಲಿ ಪಂಖ ತಿರುಗುವ ಸಣ್ಣ ಎಟಿಆರ್ ವಿಮಾನ. ಕೊಚ್ಚಿಯಿಂದ ಬಹಳ ವರ್ಷದಿಂದ ಉಂಟು, ಬೆಂಗಳೂರಿನಿಂದ ನೇರ ವಿಮಾನ 2024ರಲ್ಲಿ ಶುರುವಾಯಿತು. ನಮ್ಮ ಹಳೆ ಬಂದರಿಗೂ 2024ರ ಮೇ ತಿಂಗಳಲ್ಲಿ ಪರಳಿ ಅನ್ನುವ ವೇಗದ ಹಡಗು 160 ಜನರನ್ನು ಕೂರಿಸಿಕೊಂಡು ಏಳು ತಾಸಿನಲ್ಲಿ ಬಂದಿತ್ತು, ನೆನಪುಂಟಲ್ಲ? ಅಂಥದ್ದು ಇಲ್ಲಿಂದ ದಿನವೂ ಹೊರಡುವ ಹಾಗಾಗಲಿ ಅಂತ ನನ್ನ ಆಸೆ.

ಹಡಗಿನ ಪ್ರಯಾಣ ನನಗೆ ತುಂಬಾ ಇಷ್ಟ. ಆದರೆ ನಿಮ್ಮ ಅಮ್ಮನ ಮಂಡಿನೋವು ನೋಡಿದರೆ ವಿಮಾನವೇ ಸರಿ. ಹಲವು ದ್ವೀಪಗಳಲ್ಲಿ ದೊಡ್ಡ ಹಡಗು ದಡದವರೆಗೆ ಬರುವುದಿಲ್ಲ, ದಿಬ್ಬದ ಹೊರಗೆ ಆಳದಲ್ಲೇ ನಿಲ್ಲುತ್ತದೆ. ಹಡಗಿನ ಹೊಟ್ಟೆಯ ಪಕ್ಕದಲ್ಲೊಂದು ಬಾಗಿಲು ತೆರೆಯುತ್ತಾರೆ. ಕೆಳಗೆ ದೋಣಿ ಅಲೆಯೊಂದಿಗೆ ಏರುತ್ತಾ ಇಳಿಯುತ್ತಾ ಇರುತ್ತದೆ. ದೋಣಿ ಮೇಲೆ ಬಂದು ಬಾಗಿಲಿನ ಮಟ್ಟಕ್ಕೆ ನಿಲ್ಲುವುದು ಒಂದೇ ಕ್ಷಣ. ಅಷ್ಟರಲ್ಲಿ ಆಚೆಯಿಂದ ಒಬ್ಬ, ಈಚೆಯಿಂದ ಒಬ್ಬ ರಟ್ಟೆ ಹಿಡಿದು ದಾಟಿಸುತ್ತಾರೆ. ನಾನು ದಾಟುವಾಗ ನನ್ನ ಮುಂದೆ ಒಬ್ಬ ತಾಯಿ ಇದ್ದಳು. ಅವಳ ತೋಳಿನಿಂದ ಎಳೆ ಕೂಸನ್ನು ಖಲಾಸಿ ಎತ್ತಿಕೊಂಡು ದೋಣಿಯಲ್ಲಿದ್ದ ಮುದುಕನ ಕೈಗೆ ಕೊಟ್ಟ, ಮುದುಕ ಎದೆಗೆ ಒತ್ತಿಕೊಂಡ, ಆಮೇಲೆ ತಾಯಿ ದಾಟಿದಳು. ಕೂಸು ಅಳಲೂ ಇಲ್ಲ. ಅವರಿಗೆ ಅದು ಬಸ್ಸು ಹತ್ತಿ ಇಳಿದಷ್ಟೇ ನಿತ್ಯದ ಕೆಲಸ.

ಆ ಹಡಗಿನಲ್ಲಿ ಬರುವವರು ಯಾರು ಅಂತಲೂ ಯೋಚಿಸಿ. ಕೊಚ್ಚಿಯ ಆಸ್ಪತ್ರೆಯಿಂದ ಹಿಂದಿರುಗುವವರು, ಕಾಲೇಜಿನ ಮಕ್ಕಳು, ಮದುವೆಗೆ ಬಟ್ಟೆ ತೆಗೆಯಲು ಹೋದವರು. ಒಂದು ಹಡಗು ತಪ್ಪಿದರೆ ಅವರಿಗೆ ಇನ್ನೊಂದಕ್ಕೆ ದಿನಗಟ್ಟಲೆ ಕಾಯಬೇಕು. ನಾವು ದ್ವೀಪದಿಂದ ದ್ವೀಪಕ್ಕೆ ಜಿಗಿದಷ್ಟೂ ಆ ಸೀಟುಗಳ ಮೇಲೆ ಭಾರ. ಒಂದೇ ಕಡೆ ಇರಿ ಅಂತ ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ದೊಡ್ಡ ಕಾರಣ ಬೇರೆ ಉಂಟು. ಆ ಜಾಗ ಒಂದು ದಿನಕ್ಕೆ ಪೂರ್ತಿ ಕಾಣಿಸುವುದೇ ಇಲ್ಲ. ಅವು ಹವಳದ ದ್ವೀಪಗಳು, ಅಟಾಲ್ ಅನ್ನುತ್ತಾರೆ, ನಮ್ಮ ದೇಶದಲ್ಲಿ ಅಟಾಲ್ ಇರುವುದು ಅಲ್ಲಿ ಮಾತ್ರ. ಒಂದು ಕಾಲದ ಜ್ವಾಲಾಮುಖಿ ಬೆಟ್ಟ ನಿಧಾನವಾಗಿ ಕಡಲಿಗೆ ಕುಸಿಯುತ್ತಾ ಹೋದ ಹಾಗೆ ಅದರ ಅಂಚಿನ ಹವಳ ಬೆಳಕಿಗಾಗಿ ಮೇಲೆ ಮೇಲೆ ಬೆಳೆಯುತ್ತಾ ಬಂತು. ಬೆಟ್ಟ ಮುಳುಗಿತು, ಹವಳದ ಬಳೆ ಉಳಿಯಿತು. ಹೀಗೆ ಆಗಿರಬೇಕು ಅಂತ ಡಾರ್ವಿನ್ 1842ರಲ್ಲೇ ಬರೆದಿಟ್ಟ. ಹೆಚ್ಚಿನ ದ್ವೀಪಗಳು ಆ ಬಳೆಯ ಪೂರ್ವದ ಅಂಚಿನಲ್ಲಿವೆ, ಪಶ್ಚಿಮಕ್ಕೆ ಬಳೆಯೊಳಗಿನ ನೀರು, ಅಂದರೆ ಲಗೂನ್. ಹಾಗಾಗಿ ಪೂರ್ವದ ದಡದಲ್ಲಿ ಅಲೆ ಬಡಿಯುತ್ತಿದ್ದರೆ ಪಶ್ಚಿಮದ ದಡದಲ್ಲಿ ನೀರು ಅಲುಗಾಡದೆ ನಿಂತಿರುತ್ತದೆ. ಅಗತ್ತಿಯಲ್ಲಿ ಇದನ್ನು ನೋಡಲಿಕ್ಕೆ ವಾಹನವೂ ಬೇಡ. ಉದ್ದ ಆರೇಳು ಕಿಲೋಮೀಟರ್ ಇದ್ದರೂ ಅಗಲ ಹೆಚ್ಚೆಂದರೆ ಒಂದು ಕಿಲೋಮೀಟರ್, ಕೆಲವು ಕಡೆ ತೆಂಗಿನ ಮರಗಳ ನಡುವೆ ನಿಂತರೆ ಎರಡೂ ಕಡಲು ಕಾಣುತ್ತವೆ.

ಇಳಿತದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಮೊದಲ ದಿನ ಬೆಳಿಗ್ಗೆ ಆರಕ್ಕೆ ನೀರು ಇಳಿದಿದ್ದರೆ ಐದನೆಯ ದಿನ ಇಳಿಯುವಾಗ ಒಂಬತ್ತು ದಾಟಿರುತ್ತದೆ. ಅದೇ ದಡ, ಅದೇ ಕಲ್ಲು, ಆದರೆ ಬೇರೆ ಬೆಳಕು, ಬೇರೆ ಮೀನು, ಬೇರೆ ಹಕ್ಕಿ. ನಿನ್ನೆ ಸೊಂಟದವರೆಗೆ ನೀರಿದ್ದ ಜಾಗದಲ್ಲಿ ಇವತ್ತು ಏಡಿಗಳು ಓಡಾಡುತ್ತಿರುತ್ತವೆ. ಎರಡನೆಯ ದಿನ ನಿಮ್ಮ ಮಗಳೇ ಹೇಳುತ್ತಾಳೆ, ಆ ಕರಿ ಕಲ್ಲಿನ ಕೆಳಗೆ ಒಂದು ಅಷ್ಟಪದಿ ಉಂಟು ಅಂತ. ಮೂರನೆಯ ದಿನ ಅವಳು ಎದ್ದ ಕೂಡಲೇ ಅಲ್ಲಿಗೇ ಓಡುತ್ತಾಳೆ. ಆ ಸಲುಗೆ ಬರಬೇಕಾದರೆ ಒಂದೇ ದಡಕ್ಕೆ ಮತ್ತೆ ಮತ್ತೆ ಹೋಗಬೇಕು.

ಸ್ನಾರ್ಕೆಲ್ ಹಾಕಿಕೊಂಡು ಮುಖ ನೀರಿಗಿಟ್ಟಾಗ ಮಗಳಿಗೆ ಕಿವಿಗೊಡಲು ಹೇಳಿ. ಕರಕರ ಅಂತ ಸದ್ದು ಬರುತ್ತದೆ. ಅದು ಗಿಣಿಮೀನು ಹವಳವನ್ನು ಕೆರೆಯುವುದು. ಗಿಣಿಯ ಕೊಕ್ಕಿನಂಥ ಹಲ್ಲು, ಮೈಯೆಲ್ಲ ಹಸಿರು ನೀಲಿ. ಹವಳದ ಮೇಲಿನ ಪಾಚಿಗಾಗಿ ಕಲ್ಲನ್ನೇ ಕಚ್ಚಿ ಅರೆದು ನುಂಗುತ್ತದೆ, ಪಾಚಿ ಹೊಟ್ಟೆಗೆ ಸೇರಿ ಕಲ್ಲಿನ ಪುಡಿ ಹಿಂದಿನಿಂದ ಬೆಳ್ಳನೆಯ ಮೋಡವಾಗಿ ಬೀಳುತ್ತದೆ. ನಾನು ಒಂದು ಗಿಣಿಮೀನಿನ ಹಿಂದೆಯೇ ಈಜಿ ಅದನ್ನು ನೋಡಿದ್ದೇನೆ. ಆ ಊರಿನ ಹಾಲಿನಂಥ ಮರಳಿನಲ್ಲಿ ಎಷ್ಟೋ ಭಾಗ ಹೀಗೆ ಮೀನಿನ ಹೊಟ್ಟೆಯಿಂದ ಬಂದದ್ದು. ಆಮೆಗಳೂ ಕಾಣುತ್ತವೆ, ಅಗತ್ತಿಯ ಲಗೂನಿನಲ್ಲಿ ಹಸಿರು ಕಡಲಾಮೆಗಳು ಬಹಳ. ಎಷ್ಟೆಂದರೆ ಅವು ಕಡಲಹುಲ್ಲನ್ನು ಮೇದು ಬರಿದು ಮಾಡಿದವು, ಹುಲ್ಲಿನ ನಡುವೆ ಬೆಳೆಯುವ ಮೀನು ಕಮ್ಮಿಯಾಯಿತು ಅಂತ ಅಲ್ಲಿನ ಮೀನುಗಾರರಿಗೆ ಬೇಸರ. ಆಮೆ ನೋಡಿ ನಾವು ಕುಣಿಯುವಾಗ ಅವರ ಬೇಸರವೂ ನೆನಪಿರಲಿ.

ನೀರಿನ ಮಾತು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಅಲ್ಲಿ ಹೊಳೆ ಇಲ್ಲ, ಕೆರೆ ಇಲ್ಲ. ಮಳೆಯ ನೀರು ಮರಳಿನೊಳಗೆ ಇಳಿದು, ಅಡಿಯ ಉಪ್ಪುನೀರಿನ ಮೇಲೆ, ಮಜ್ಜಿಗೆಯ ಮೇಲೆ ಬೆಣ್ಣೆ ನಿಂತ ಹಾಗೆ, ತೆಳ್ಳಗೆ ತೇಲುತ್ತಿರುತ್ತದೆ. ಬಾವಿಯಿಂದ ಅತಿಯಾಗಿ ಎಳೆದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. ಅದಕ್ಕೇ 2005ರಲ್ಲಿ ಕವರತ್ತಿಯಲ್ಲಿ ಕಡಲನೀರನ್ನು ಸಿಹಿ ಮಾಡುವ ಸ್ಥಾವರ ಕಟ್ಟಿದರು, ದಿನಕ್ಕೆ ಒಂದು ಲಕ್ಷ ಲೀಟರ್. ಉಪಾಯ ಎಷ್ಟು ಚಂದ ನೋಡಿ: ಮೇಲಿನ ಬೆಚ್ಚಗಿನ ಕಡಲನೀರನ್ನು ಗಾಳಿಯ ಒತ್ತಡ ತಗ್ಗಿಸಿದ ತೊಟ್ಟಿಗೆ ಬಿಟ್ಟರೆ ಬೆಂಕಿ ಇಲ್ಲದೆಯೇ ಆವಿ ಏಳುತ್ತದೆ, ಸುಮಾರು 350 ಮೀಟರ್ ಆಳದಿಂದ ಎಳೆದ ತಣ್ಣನೆಯ ನೀರು ಆ ಆವಿಯನ್ನು ತಂಪು ಮಾಡಿ ಸಿಹಿನೀರಾಗಿ ಇಳಿಸುತ್ತದೆ. ಆಮೇಲೆ ಅಗತ್ತಿಗೂ ಮಿನಿಕಾಯಿಗೂ ಅಂಥದ್ದೇ ಬಂತು. ಇಷ್ಟು ಕಷ್ಟಪಟ್ಟು ಮಾಡಿದ ನೀರಿನಲ್ಲಿ ನಾವು ಹತ್ತು ನಿಮಿಷ ಶವರ್ ಬಿಟ್ಟು ನಿಲ್ಲಬಾರದು. ಒಂದು ಬಕೆಟ್ ಸಾಕು. ಕರೆಂಟೂ ಹಾಗೆಯೇ, ಸ್ವಲ್ಪ ಸೌರಶಕ್ತಿ ಬಿಟ್ಟರೆ ಉಳಿದದ್ದು ಹಡಗಿನಲ್ಲಿ ಬಂದ ಡೀಸೆಲ್ ಉರಿಸಿ ಮಾಡಿದ್ದು.

ಹವಳದ ಮೇಲೆ ಮಾತ್ರ ಕಾಲಿಡಬೇಡಿ, ಮಗಳಿಗೂ ಹೇಳಿ. ಅದು ಕಲ್ಲಿನ ಹಾಗೆ ಕಂಡರೂ ಜೀವ. ಕಡಲು ಕಾದು ಹವಳ ಬಿಳಿಚಿಕೊಂಡದ್ದು 1998ರಲ್ಲಿ, ಮತ್ತೆ 2010ರಲ್ಲಿ, 2016ರಲ್ಲಿ, ಆಮೇಲೆ 2024ರಲ್ಲಿ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ವಿಜ್ಞಾನಿಗಳು ಎರಡು ದಶಕಕ್ಕೂ ಹೆಚ್ಚು ಕಾಲ ಅಗತ್ತಿ, ಕಡಮತ್, ಕವರತ್ತಿಯ ದಿಬ್ಬಗಳಲ್ಲಿ ಮುಳುಗಿ ಲೆಕ್ಕ ಇಟ್ಟಿದ್ದಾರೆ. 1998ರಲ್ಲಿ ಶೇ 37ರಷ್ಟಿದ್ದ ಜೀವಂತ ಹವಳ 2022ಕ್ಕೆ ಶೇ 19ರ ಆಸುಪಾಸಿಗೆ ಇಳಿದಿದೆ. ದಡಕ್ಕೆ ಬರುವ ದೊಡ್ಡ ಅಲೆಯನ್ನು ತಡೆಯುವುದು ಆ ದಿಬ್ಬವೇ. ಕಡಲಿಗಿಂತ ಒಂದೆರಡು ಮೀಟರ್ ಎತ್ತರದಲ್ಲಿರುವ ಊರಿಗೆ ಬೇರೆ ಗೋಡೆ ಇಲ್ಲ. ಚೂರು ಹವಳ ಬಿದ್ದು ಸಿಕ್ಕಿದರೂ ಚೀಲಕ್ಕೆ ಹಾಕಬೇಡಿ, ವನ್ಯಜೀವಿ ಕಾಯ್ದೆಯಲ್ಲಿ ಅದು ಅಪರಾಧ. ಬಿಸಿಲಿಗೆ ಕ್ರೀಮು ಬಳಿದುಕೊಳ್ಳುವ ಬದಲು ತುಂಬುತೋಳಿನ ಅಂಗಿ ಹಾಕಿಕೊಂಡೇ ನೀರಿಗಿಳಿಯಿರಿ, ಕೆಲವು ಕ್ರೀಮುಗಳ ರಾಸಾಯನಿಕ ಹವಳಕ್ಕೆ ಆಗುವುದಿಲ್ಲ.

ಜನರ ವಿಷಯದಲ್ಲಿ ನಿಮಗೆ ಏನೂ ಹೆದರಿಕೆ ಬೇಡ, ಅಷ್ಟು ಮೃದು ಜನ. ಮಿನಿಕಾಯಿ ಬಿಟ್ಟು ಉಳಿದ ಕಡೆ ಜೆಸರಿ, ಮಲಯಾಳದ ಒಂದು ಬಗೆ, ನಿಮ್ಮ ಅಮ್ಮನ ಕಾಸರಗೋಡಿನ ಮಲಯಾಳದಲ್ಲಿ ಸಲೀಸಾಗಿ ಮಾತುಕತೆ ನಡೆಯುತ್ತದೆ. ಎಲ್ಲರೂ ಮುಸ್ಲಿಮರೇ ಅಂದರೂ ತಪ್ಪಿಲ್ಲ, ಆದರೆ ಮನೆತನ ತಾಯಿಯ ಕಡೆಯಿಂದ, ತರವಾಡು ಪದ್ಧತಿ. ನಮ್ಮ ತುಳುನಾಡಿನ ಅಳಿಯಸಂತಾನ ಕಂಡವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಊರಿನೊಳಗೆ ನಡೆಯುವಾಗ ಮೈತುಂಬ ಬಟ್ಟೆ ಇರಲಿ, ಹೆಂಗಸರ ಫೋಟೊ ಕೇಳದೆ ತೆಗೆಯಬೇಡಿ. ಮದ್ಯ ನಿಷೇಧ ಉಂಟು, ಬಂಗಾರಂನ ರೆಸಾರ್ಟಿಗೆ ಮಾತ್ರ ವಿನಾಯಿತಿ.

ಊಟಕ್ಕೆ ಟ್ಯೂನಾ, ನಮ್ಮ ಕೇದರ್. ಅವರು ಅದನ್ನು ಹಿಡಿಯುವ ರೀತಿಯನ್ನು ಸಾಧ್ಯವಾದರೆ ದೋಣಿಯಲ್ಲಿ ಹೋಗಿ ನೋಡಿ. ಮೊದಲು ಲಗೂನಿನಲ್ಲಿ ಬೆರಳುದ್ದದ ಮೀನುಗಳನ್ನು ಜೀವಂತ ಹಿಡಿದು ದೋಣಿಯ ತೊಟ್ಟಿಯಲ್ಲಿ ಇಟ್ಟುಕೊಳ್ಳುತ್ತಾರೆ. ಟ್ಯೂನಾದ ಹಿಂಡು ಕಂಡ ಕೂಡಲೇ ಅವನ್ನು ಕಡಲಿಗೆ ಎರಚಿ, ಮೇಲಿನಿಂದ ನೀರು ಚಿಮುಕಿಸಿ, ಸಾಲಾಗಿ ನಿಂತವರು ಗಳಕ್ಕೆ ಕಟ್ಟಿದ ಗಾಳ ಬೀಸುತ್ತಾರೆ. ಗಾಳಕ್ಕೆ ಮುಳ್ಳಿನ ಹಿಮ್ಮೊನೆ ಇಲ್ಲ. ಮೀನು ಗಾಳಿಯಲ್ಲಿ ಹಾರಿ ಬಂದು ದೋಣಿಗೆ ಬೀಳುವಷ್ಟರಲ್ಲಿ ತಾನೇ ಕಳಚಿಕೊಂಡಿರುತ್ತದೆ. ಬಲೆ ಹಾಕಿ ಕಡಲು ಬಾಚುವುದಿಲ್ಲ, ಒಂದೊಂದೇ ಮೀನು. ಮಿಕ್ಕಿದ್ದನ್ನು ಬೇಯಿಸಿ, ಹೊಗೆ ಹಾಕಿ, ಬಿಸಿಲಿಗೆ ಒಣಗಿಸಿ ಮರದ ತುಂಡಿನಷ್ಟು ಗಟ್ಟಿಯಾದ ಮಾಸ್ ಮಾಡಿಡುತ್ತಾರೆ. ಮೀನು ತಿನ್ನದ ಅಮ್ಮನಿಗೆ ಅನ್ನ, ಬೇಳೆ, ತೆಂಗಿನಕಾಯಿ, ತೆಂಗಿನ ಬೆಲ್ಲದ ಉಂಡೆ ಸಿಗುತ್ತದೆ. ತರಕಾರಿ ಹಡಗಿನಲ್ಲಿ ಬಂದಷ್ಟು. ಒಂದು ಡಬ್ಬಿ ಚಟ್ನಿಪುಡಿ, ಸ್ವಲ್ಪ ಉಪ್ಪಿನಕಾಯಿ ಇಟ್ಟುಕೊಳ್ಳಿ.

ಹಾಗಾದರೆ ಯಾವ ದ್ವೀಪ? ನಿಮ್ಮ ಮನೆಯವರಿಗೆ ಅಗತ್ತಿ. ವಿಮಾನ ಇಳಿಯುವುದು ಅಲ್ಲೇ, ಊರೂ ಉಂಟು, ಲಗೂನೂ ಉಂಟು, ಊರವರ ಮನೆಯಲ್ಲೇ ತಂಗಬಹುದು. ಕಡಲು ಒಪ್ಪಿದರೆ ಒಂದು ಹಗಲು ದೋಣಿಯಲ್ಲಿ ಬಂಗಾರಂ, ತಿಣ್ಣಕರ ನೋಡಿ ಸಂಜೆಗೆ ವಾಪಸ್. ಒಪ್ಪದಿದ್ದರೆ ಬಿಡಿ. ಮಿನಿಕಾಯಿಯ 1885ರ ದೀಪಸ್ತಂಭ ಇನ್ನೊಂದು ವರ್ಷಕ್ಕೆ ಇರಲಿ, ಅದು ಎಲ್ಲಿಗೂ ಹೋಗುವುದಿಲ್ಲ. ವಿಮಾನ ಹವಾಮಾನಕ್ಕೆ ರದ್ದಾಗುವುದುಂಟು, ಆದ್ದರಿಂದ ಹಿಂದಿರುಗಿದ ಮರುದಿನವೇ ಆಫೀಸು ಅಂತ ಇಟ್ಟುಕೊಳ್ಳಬೇಡಿ, ಎರಡು ದಿನ ರಜೆ ಹೆಚ್ಚಿಗೆ ಹಾಕಿ. ಅಮ್ಮನ ಮಾತ್ರೆ ಒಂದು ವಾರಕ್ಕೆ ಹೆಚ್ಚಾಗಿಯೇ ಇರಲಿ. ನಗದು ಹಣ ಒಯ್ಯಿರಿ. ಚೀಲ ಹಗುರ ಇರಲಿ, ಆದರೆ ವಾಪಸ್ ಬರುವಾಗ ನಿಮ್ಮ ಪ್ಲಾಸ್ಟಿಕ್ಕನ್ನೆಲ್ಲ ತುಂಬಿ ತರಲು ಅದರಲ್ಲಿ ಜಾಗ ಇರಬೇಕು.

ಈಗ ಮಾಡಬೇಕಾದದ್ದು ಎರಡೇ ಕೆಲಸ. ನಾಳೆಯೇ ಪೊಲೀಸ್ ಸರ್ಟಿಫಿಕೇಟಿಗೆ ಅರ್ಜಿ ಹಾಕಿ, ಪರ್ಮಿಟ್ ಯಾರ ಯಾರ ಹೆಸರಿಗೆ ಬೇಕು ಅಂತಲೂ ಕೇಳಿಕೊಳ್ಳಿ. ಸಂಜೆ ಪಂಚಾಂಗ ತಗೊಂಡು ಈಚೆ ಬನ್ನಿ, ಏಪ್ರಿಲಿನ ಅಮಾವಾಸ್ಯೆ ಯಾವ ವಾರಕ್ಕೆ ಬೀಳುತ್ತದೆ ಅಂತ ನೋಡಿ ತಾರೀಖು ಗೊತ್ತು ಮಾಡುವ. ಅಮ್ಮನನ್ನೂ ಕರಕೊಂಡೇ ಬನ್ನಿ, ತಾರೀಖಿಗೆ ಒಪ್ಪಬೇಕಾದವರು ಅವರಲ್ಲವಾ?